ಅಡಕೆ, ಅರೆಕ, ಅರೆಕೋಲಿನ್

ಮಂತ್ರಿಯೊಬ್ಬರು ಅಡಕತ್ತರಿಯಲ್ಲಿ ಸಿಕ್ಕಿಕೊಂಡರು ಎಂದು ಪತ್ರಿಕೆ ಬರೆಯುತ್ತದೆ. ಅದೇ ಪತ್ರಿಕೆಯ ಒಳಪುಟದಲ್ಲಿ ಯಾರನ್ನೋ ಮುಗಿಸಲು ಸುಪಾರಿ ಕೊಟ್ಟವರ ಬಂಧನದ ಸುದ್ದಿ. ಇನ್ನೊಂದು ಪುಟದಲ್ಲಿ ಶಿವಮೊಗ್ಗ, ಶಿರಸಿ, ಮಂಗಳೂರಿನ ಧಾರಣೆ: ರಾಶಿ ಇಷ್ಟು, ಬೆಟ್ಟೆ ಇಷ್ಟು, ಚಾಲಿ ಇಷ್ಟು. ಮೂರೂ ಕಡೆ ಇರುವುದು ಒಂದೇ ಕಾಯಿ. ಅಡಕತ್ತರಿ ಎಂದರೆ ಅಡಕೆ ಹೋಳು ಮಾಡುವ ಕತ್ತರಿ. ಮನೆಯಲ್ಲಿ ಅಂಥದೊಂದು ಕತ್ತರಿಯನ್ನು ಕಂಡೇ ಇಲ್ಲದವರೂ ಈಗ ಆ ಮಾತನ್ನು ಸಲೀಸಾಗಿ ಆಡುತ್ತಾರೆ. ಮಾತಿನೊಳಗೆ ಅಡಕೆ ಇದೆ ಎನ್ನುವುದೇ ಮರೆತುಹೋಗಿದೆ.

ಸುಪಾರಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಒಂದು ಕೆಲಸವನ್ನು ಒಪ್ಪಿಕೊಂಡೆ ಎನ್ನುವುದಕ್ಕೆ ವೀಳ್ಯ ಎತ್ತಿಕೊಳ್ಳುವುದು ಹಳೆಯ ರೂಢಿ. ಯುದ್ಧಕ್ಕೆ ಹೊರಟವನು ರಣವೀಳ್ಯ ಪಡೆಯುತ್ತಿದ್ದ. ಹಿಂದಿಯಲ್ಲಿ ‘ಬೀಡಾ ಎತ್ತುವುದು’ ಎಂದರೆ ಹೊಣೆ ಹೊರುವುದು. ಈ ಒಪ್ಪಂದದ ಅರ್ಥವನ್ನೇ ಮುಂಬಯಿಯ ಭೂಗತ ಲೋಕ ತನ್ನ ವ್ಯವಹಾರಕ್ಕೆ ಬಳಸಿಕೊಂಡಿತು. ಸಿನಿಮಾ ಮತ್ತು ಅಪರಾಧ ವರದಿಗಳ ಬೆನ್ನೇರಿ ಅದು ನಮ್ಮಲ್ಲಿಗೂ ಬಂತು. ಕನ್ನಡಿಗರು ಮಾತ್ರ ಜಾಣತನದಿಂದ ಪಾಲು ಹಂಚಿದರು: ಕೊಲೆಯ ಕರಾರಿಗೆ ಸುಪಾರಿ, ಮದುವೆಯ ಕರೆಗೆ ಅಡಿಕೆ. ಅಡಿಕೆ ಕೊಟ್ಟು ಕೊಲ್ಲಿಸಿದರು ಎಂದು ಯಾರೂ ಬರೆದದ್ದು ನಾನು ಕಂಡಿಲ್ಲ.

ಅಡಿಕೆ ಎಂಬ ಪದಕ್ಕೆ ಇನ್ನೊಂದು ಬದುಕಿದೆ. ಅದು ಮದ್ದಿನ ಪೆಟ್ಟಿಗೆಯದು. ಅಲ್ಲಿಗೆ ಹೋಗುವ ಮುನ್ನ ಪದ ಎಲ್ಲಿಂದ ಹೊರಟಿತು ಎಂದು ನೋಡಬೇಕು.

ತಮಿಳಿನಲ್ಲಿ ಅಡೈಕ್ಕಾಯ್, ಮಲಯಾಳದಲ್ಲಿ ಅಡಯ್ಕ್ಕ, ಕೊಡವರಲ್ಲಿ ಅಡಕೆ, ದಕ್ಷಿಣ ಕನ್ನಡದ ಹವ್ಯಕರ ಬಾಯಲ್ಲಿ ಅಡಕ್ಕೆ, ನಮ್ಮ ಹಳೆಯ ಬರಹಗಳಲ್ಲಿ ಅಡಕೆ, ಇಂದಿನ ಬರಹದಲ್ಲಿ ಅಡಿಕೆ. ಕೊನೆಯಲ್ಲಿರುವ ‘ಕೆ’ ಬೇರೇನೂ ಅಲ್ಲ, ‘ಕಾಯಿ’ ಸವೆದು ಉಳಿದ ಚೂರು. ಮಲಯಾಳದಲ್ಲಿ ಈ ಸವೆತ ಇನ್ನೂ ಕಣ್ಣಿಗೆ ಕಾಣುತ್ತದೆ. ಮಾವಿನ ಕಾಯಿ ಅಲ್ಲಿ ಮಾಙ್ಙ, ತೆಂಗಿನಕಾಯಿ ತೇಙ್ಙ, ಹಾಗಲಕಾಯಿ ಪಾವಕ್ಕ. ಪೋರ್ಚುಗೀಸರು ಮಾಙ್ಙವನ್ನು ಮಂಗ ಮಾಡಿಕೊಂಡರು, ಇಂಗ್ಲಿಷರು ಅದನ್ನು ಮ್ಯಾಂಗೋ ಮಾಡಿದರು. ಮ್ಯಾಂಗೋದ ಬಾಲದಲ್ಲೂ ಅಡಿಕೆಯ ಬಾಲದಲ್ಲೂ ಇರುವುದು ದ್ರಾವಿಡರ ಅದೇ ಕಾಯಿ.

ತಲೆಯ ಭಾಗವಾದ ‘ಅಡೈ’ ಬಗ್ಗೆ ಎರಡು ಮಾತಿದೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಬಿಷಪ್ ಕಾಲ್ಡ್‌ವೆಲ್ ಅದನ್ನು ‘ಒತ್ತಾಗಿ ಅಡಕಗೊಂಡದ್ದು’ ಎಂದು ಅರ್ಥ ಮಾಡಿದ. ತುಂಬಿದ ಅಡಿಕೆ ಕೊನೆಯನ್ನು ನೋಡಿದವರಿಗೆ ಇದು ಹೌದೆನಿಸುತ್ತದೆ. ಆದರೆ ತಮಿಳಿನಲ್ಲಿ ‘ಅಡೈ’ ಎಂದರೆ ಎಲೆ ಎಂಬ ಅರ್ಥವೂ ಇದೆ, ವೀಳ್ಯದೆಲೆ ಎಂಬ ಅರ್ಥವೂ ಇದೆ. ಸಂಗಂ ಕಾವ್ಯಗಳಲ್ಲಿ ಹಸಿರೆಲೆಗೆ ‘ಪಾಸಡೈ’ ಎಂಬ ಪ್ರಯೋಗವಿದೆ. ಹಾಗಾದರೆ ಅಡೈಕ್ಕಾಯ್ ಎಂದರೆ ಎಲೆಯ ಜೊತೆ ತಿನ್ನುವ ಕಾಯಿ. ನನ್ನ ಒಲವು ಎರಡನೆಯದರ ಕಡೆಗೆ. ಕಾರಣ, ಈ ಮರ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಅದರ ತವರು ಆಗ್ನೇಯ ಏಷ್ಯಾ. ಫಿಲಿಪ್ಪೀನ್ಸಿನ ಪಲಾವಾನ್ ದ್ವೀಪದ ಡುಯೋಂಗ್ ಗುಹೆಯಲ್ಲಿ ದೊರೆತ, ನಾಲ್ಕೂವರೆ ಸಾವಿರ ವರ್ಷ ದಾಟಿದ ಅಸ್ಥಿಪಂಜರದ ಹಲ್ಲುಗಳಲ್ಲಿ ಎಲೆ ಅಡಿಕೆಯ ಕಲೆ ಕಂಡಿದ್ದಾರೆ. ಹೊರಗಿನಿಂದ ಬಂದ ವಸ್ತುವಿಗೆ ಜನ ಅದರ ಬಳಕೆಯನ್ನು ನೋಡಿ ಹೆಸರಿಡುತ್ತಾರೆ. ಗೊಂಚಲಾಗಿ ಬಿಡುವ ಕಾಯಿಗಳು ಕಾಡಿನಲ್ಲಿ ನೂರಿವೆ. ಎಲೆಯಲ್ಲಿ ಸುತ್ತಿ ತಿನ್ನುವ ಕಾಯಿ ಇದೊಂದೇ.

ಮರಕ್ಕೆ ಬೇರೆಯೇ ಹೆಸರಿತ್ತು. ತಮಿಳಿನ ಕಮುಕು, ಮಲಯಾಳದ ಕವುಙ್ಙ್, ತುಳುವಿನ ಕಂಗು. ಹಳಗನ್ನಡದಲ್ಲಿಯೂ ಇದು ಕೌಂಗು ಆಗಿತ್ತು. ಸಂಸ್ಕೃತದ ಕ್ರಮುಕ ಇದೇ ಗುಂಪಿನದು. ಕಮುಕು ಸಂಸ್ಕೃತಕ್ಕೆ ಹೋಗಿ ಕ್ರಮುಕವಾಯಿತೋ, ಕ್ರಮುಕವೇ ಕೆಳಗಿಳಿದು ಕಮುಕಾಯಿತೋ ಎಂದು ಪಂಡಿತರು ಜಗಳವಾಡಿಕೊಳ್ಳಲಿ. ಕನ್ನಡಿಗರಂತೂ ಕೌಂಗನ್ನು ಕೈಬಿಟ್ಟು, ಕಾಯಿಯ ಹೆಸರಿನಿಂದಲೇ ಮರವನ್ನೂ ಕರೆದರು: ಅಡಿಕೆ ಮರ, ಅಡಿಕೆ ತೋಟ. ತುಳುವರು ಮರಕ್ಕೆ ಕಂಗು, ಕಾಯಿಗೆ ಬಜ್ಜೈ ಎಂದು ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದಾರೆ. ಕನ್ನಡ ಉಳಿಸಿಕೊಂಡದ್ದು ಮರದ ಅಂಗಾಂಗಗಳ ಮಾತನ್ನು. ಹೂಗೊಂಚಲು ಘಟ್ಟದ ಮೇಲೆ ಸಿಂಗಾರ, ಕೆಳಗೆ ಹಿಂಗಾರ, ತುಳುವಿನಲ್ಲಿ ಪಿಂಗಾರ; ನಾಗನಿಗೂ ದೈವಕ್ಕೂ ಅದು ಬೇಕೇ ಬೇಕು. ಗರಿ ಸೋಗೆ, ಗರಿಯ ಬುಡ ಹಾಳೆ, ಗೊಂಚಲು ಕೊನೆ, ಕೊನೆ ಕೊಯ್ಯುವವನು ಕೊನೆಗಾರ, ಚೆನ್ನಾಗಿ ಹಣ್ಣಾದದ್ದು ಗೋಟು, ಬಿಸಿಲಿಗೆ ಒಣಗಿಸಿ ಸುಲಿದದ್ದು ಚಾಲಿ, ಹಸಿರು ಕಾಯಿ ಸುಲಿದು ಬೇಯಿಸಿದ ನೀರು ಚೊಗರು. ಈ ಚೊಗರನ್ನು ನೆನಪಿಟ್ಟುಕೊಳ್ಳಿ. ಮುಂದೆ ಸ್ವೀಡನ್ನಿನ ಒಬ್ಬ ಮಹಾಪಂಡಿತನ ಎಡವಟ್ಟು ಅರ್ಥವಾಗಬೇಕಾದರೆ ಅದು ಬೇಕು.

ಸಮುದ್ರ ದಾಟಿದ್ದು ಮಲಬಾರಿನ ರೂಪ. ಇಟಲಿಯ ಲುಡೊವಿಕೊ ವರ್ತೇಮಾ ತನ್ನ ಪ್ರವಾಸಕಥನವನ್ನು 1510ರಲ್ಲಿ ರೋಮಿನಲ್ಲಿ ಅಚ್ಚು ಹಾಕಿಸಿದ. ಎಲೆಯ ಜೊತೆ ತಿನ್ನುವ ಕಾಯಿಗೆ ಕೊಫೊಲೊ ಎನ್ನುತ್ತಾರೆ, ಮರಕ್ಕೆ ಅರೆಕ ಎನ್ನುತ್ತಾರೆ ಎಂದು ಅವನ ವರದಿ. ಕೊಫೊಲೊ ಎಂದರೆ ಅರಬರ ‘ಫೌಫಲ್’ ಅವನ ಕಿವಿಯಲ್ಲಿ ಕೆಟ್ಟ ರೂಪ. ಬಂದರಿನಲ್ಲಿ ಅರಬ ವರ್ತಕರು ಒಂದು ಹೆಸರು ಹೇಳಿದ್ದಾರೆ, ಊರಿನವರು ಇನ್ನೊಂದು. ಎರಡನ್ನೂ ಬರೆದುಕೊಂಡು ಒಂದನ್ನು ಕಾಯಿಗೆ, ಇನ್ನೊಂದನ್ನು ಮರಕ್ಕೆ ಹಂಚಿಬಿಟ್ಟ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಮೂಲಿಕೆಗಳ ಸಂವಾದ ಗ್ರಂಥದಲ್ಲಿ ಅಡಿಕೆಗೂ ಒಂದು ಸಂವಾದ ಮೀಸಲಿಟ್ಟ, ಯಾವ ಸೀಮೆಯಲ್ಲಿ ಏನನ್ನುತ್ತಾರೆ ಎಂದು ಹೆಸರುಗಳನ್ನು ಕಲೆಹಾಕಿದ. ‘ಡ’ ಅವರ ನಾಲಿಗೆಯಲ್ಲಿ ‘ರ’ ಆಗಿತ್ತು. ಅಡಕ್ಕ ಹೀಗೆ ಅರೆಕ ಆಯಿತು.

1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಮರಕ್ಕೆ ಶಾಸ್ತ್ರದ ಹೆಸರಿಟ್ಟ: ಅರೆಕ ಕ್ಯಾಟೆಚು. ಮೊದಲ ಪದ ನಮ್ಮ ಅಡಕೆ. ಎರಡನೆಯದು ನಮ್ಮ ಕಾಚು. ಎಲೆ ಅಡಿಕೆಗೆ ಹಚ್ಚುವ ಕಾಚು ನಿಜಕ್ಕೂ ಬರುವುದು ಕಗ್ಗಲಿ ಮರದ, ಅಂದರೆ ಖದಿರದ ತಿರುಳನ್ನು ಕುದಿಸಿ ಬತ್ತಿಸಿದಾಗ. ಕಾಯಿಸುವುದರಿಂದಲೇ ಕಾಚು ಎಂಬ ಹೆಸರು ಎನ್ನುವವರಿದ್ದಾರೆ. ಯುರೋಪಿನ ಮದ್ದಿನಂಗಡಿಗಳಲ್ಲಿ ಆಗ ಅದನ್ನು ‘ತೆರಾ ಜಪೋನಿಕಾ’, ಜಪಾನಿನ ಮಣ್ಣು, ಎಂದು ಮಾರುತ್ತಿದ್ದರು! ಅದು ಮಣ್ಣಲ್ಲ, ಜಪಾನಿನದಂತೂ ಅಲ್ಲವೇ ಅಲ್ಲ. ಮರದ ರಸ ಎಂದು ಗೊತ್ತಾದ ಮೇಲೆಯೂ ಯಾವ ಮರ ಎಂಬ ಗೊಂದಲ ಉಳಿಯಿತು. ಲಿನೇಯಸ್ ಅಡಿಕೆ ಮರವೆಂದು ತಿಳಿದ. ಪೂರಾ ತಪ್ಪು ಎಂದು ನಗುವ ಹಾಗಿಲ್ಲ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಚೊಗರು ಕಾಚಿನ ಹಾಗೆಯೇ ಕೆಂಪು, ಕಾಚಿನ ಹಾಗೆಯೇ ಒಗರು, ಬತ್ತಿಸಿದರೆ ಅಷ್ಟೇ ಮಂದ. ಬಟ್ಟೆಗೆ ಸೋಕಿದರೆ ಆ ಕಲೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ಹಿಂದೆ ಅಡಿಕೆಯಿಂದ ತೆಗೆದ ಕಾಚೂ ಮಾರಾಟವಾಗುತ್ತಿತ್ತು. ಕಾಚಂತೂ ಅಲ್ಲಿಂದ ತನ್ನದೇ ದಾರಿ ಹಿಡಿಯಿತು: ಹಸಿರು ಚಹಾದ ಡಬ್ಬಿಯ ಮೇಲೆ ಕಾಣುವ ಕೆಟೆಚಿನ್, ಅಡ್ರಿನಾಲಿನ್ ಸೇರಿರುವ ಕೆಟೆಕೊಲಮೀನ್ ಗುಂಪು, ಇವೆಲ್ಲ ಅದರ ಮೊಮ್ಮಕ್ಕಳು.

ಅರೆಕ ಮಾತ್ರ ಇನ್ನೂ ದೊಡ್ಡ ಮನೆ ಕಟ್ಟಿತು. ಸಸ್ಯಶಾಸ್ತ್ರದಲ್ಲಿ ಒಂದು ಕುಟುಂಬಕ್ಕೆ ಹೆಸರು ಬರುವುದು ಅದರ ಒಂದು ಮಾದರಿ ಕುಲದಿಂದ. ತಾಳೆ ಜಾತಿಯ ಮರಗಳ ಕುಟುಂಬಕ್ಕೆ ಆ ಗೌರವ ಅಡಿಕೆಗೆ ಸಿಕ್ಕಿತು. ಅರೆಕೇಸಿ ಎಂಬ ಆ ಕುಟುಂಬದಲ್ಲಿ 2,500ಕ್ಕೂ ಹೆಚ್ಚು ಜಾತಿಗಳಿವೆ. ಪಾಮೆ ಎಂಬ ಹಳೆಯ ಹೆಸರೂ ಚಲಾವಣೆಯಲ್ಲಿದೆ, ಆದರೆ ಇಂದಿನ ಪಠ್ಯಗಳಲ್ಲಿ ಅರೆಕೇಸಿಯದೇ ಮೇಲುಗೈ. ಕರಾವಳಿಯ ತೆಂಗು, ಬಯಲುಸೀಮೆಯ ಈಚಲು, ಘಟ್ಟದ ಬೈನೆ, ತಾಳೆಗರಿ ಕೊಟ್ಟ ತಾಳೆ, ಅರಬರ ಖರ್ಜೂರ ಎಲ್ಲವೂ ಶಾಸ್ತ್ರದ ಲೆಕ್ಕದಲ್ಲಿ ಅಡಿಕೆಯ ಮನೆತನದವು. ಇದನ್ನು ತೆಂಗಿನ ತೋಟದವರ ಮುಂದೆ ಹೇಳುವಾಗ ಸ್ವಲ್ಪ ಎಚ್ಚರ ಬೇಕು.

ಸಂಸ್ಕೃತದ ದಾರಿ ಬೇರೆ. ಅಮರಕೋಶ ಈ ಮರಕ್ಕೆ ಘೋಂಟಾ, ಪೂಗ, ಕ್ರಮುಕ, ಗುವಾಕ, ಖಪುರ ಎಂದು ಹೆಸರು ಕೊಟ್ಟು, ಅದರ ಫಲಕ್ಕೆ ಮಾತ್ರ ಪ್ರತ್ಯೇಕವಾಗಿ ‘ಉದ್ವೇಗ’ ಎನ್ನುತ್ತದೆ. ಉದ್ವೇಗ! ಹಸಿ ಅಡಿಕೆ ಹಾಕಿಕೊಂಡು ಕಿವಿ ಬಿಸಿಯಾಗಿ, ಎದೆ ಹೊಡೆದುಕೊಂಡು, ಹಣೆಯಲ್ಲಿ ಬೆವರು ಮೂಡಿ ‘ಅಡಿಕೆ ಸೊಕ್ಕಿತು’ ಎಂದು ಜಗಲಿಯಲ್ಲಿ ಕೂತವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪೂಗಫಲ ಪ್ರಾಕೃತದಲ್ಲಿ ಪೋಪ್ಫಲವಾಗಿ, ಮರಾಠಿಯಲ್ಲಿ ಪೋಫಳ, ಕೊಂಕಣಿಯಲ್ಲಿ ಫೋಪ್ಪಳ ಆಯಿತು. ಪಡುವಣ ಕಡಲು ದಾಟಿದ ಅದೇ ಪದ ಪಾರ್ಸಿಯಲ್ಲಿ ಪೂಪಲ್, ಅರಬಿಯಲ್ಲಿ ಫೌಫಲ್ ಆಗಿ ಯುನಾನಿ ವೈದ್ಯರ ಪುಸ್ತಕ ಸೇರಿತು. ಗುವಾಕ ಮೂಡಣಕ್ಕೆ ಉಳಿಯಿತು: ಬಂಗಾಳದ ಗುಯಾ, ಅಸ್ಸಾಮಿನ ಗುವಾ. ಗುವಾಹಾಟಿ ಎಂದರೆ ಅಡಿಕೆಯ ಹಾಟಿ, ಅಡಿಕೆ ಪೇಟೆ. ಅದಕ್ಕೂ ಆಚೆ ಮಲಯ್ ಭಾಷೆಯಲ್ಲಿ ಇದು ಪಿನಾಂಗ್. ಪಿನಾಂಗ್ ದ್ವೀಪಕ್ಕೆ ಹೆಸರು ಬಂದದ್ದು ಹೀಗೆ. ‘ಮೆಮಿನಾಂಗ್’ ಎಂದರೆ ಅಲ್ಲಿ ಹೆಣ್ಣು ಕೇಳುವುದು. ಪಿನಾಂಗ್ ಚೀನಾಕ್ಕೆ ಹೋಗಿ ಬಿನ್‌ಲಾಂಗ್ ಆಯಿತು.

ಇಷ್ಟು ಕಡೆ ಅಲೆದ ಕಾಯಿ ಎಲ್ಲ ಕಡೆಯೂ ಬಾಯಿಗೆ ಎಷ್ಟು ಸಲ್ಲುತ್ತಿತ್ತೋ ಅಷ್ಟೇ ವೈದ್ಯನಿಗೂ ಸಲ್ಲುತ್ತಿತ್ತು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯ ದಿನಚರಿಯನ್ನು ಹೇಳುವಾಗ, ಬಾಯಿ ಶುಚಿಯಾಗಿ ಘಮಘಮಿಸಲು ಬಾಯಲ್ಲಿರಿಸಬೇಕಾದ ವಸ್ತುಗಳಲ್ಲಿ ಜಾಯಿಕಾಯಿ, ಲವಂಗ, ಕರ್ಪೂರ, ವೀಳ್ಯದೆಲೆಯ ಜೊತೆ ಪೂಗವನ್ನೂ ಎಣಿಸುತ್ತದೆ. ಭಾವಮಿಶ್ರನ ಭಾವಪ್ರಕಾಶ 16ನೇ ಶತಮಾನದ್ದು. ಅದು ಇನ್ನಷ್ಟು ಬಿಡಿಸಿ ಹೇಳುತ್ತದೆ. ಅಡಿಕೆ ಒಗರು, ಜೀರ್ಣಕ್ಕೆ ಭಾರ, ಗುಣದಲ್ಲಿ ತಂಪು ಮತ್ತು ರೂಕ್ಷ. ಕಫಪಿತ್ತಗಳನ್ನು ತಗ್ಗಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಬಾಯಿಯ ಅರುಚಿ ಕಳೆಯುತ್ತದೆ, ಮೋಹವನ್ನೂ ಉಂಟುಮಾಡುತ್ತದೆ. ಹಸಿಯದು ಜಠರಾಗ್ನಿಗೂ ಕಣ್ಣಿಗೂ ಕೇಡು, ಬೇಯಿಸಿದ್ದು ಮೂರು ದೋಷಗಳಿಗೂ ಒಳ್ಳೆಯದು, ನಡುಭಾಗ ಗಟ್ಟಿಯಾಗಿರುವುದು ಉತ್ತಮ. ಮಲೆನಾಡಿನ ಬೇಯಿಸಿದ ಕೆಂಪಡಿಕೆಯ ಸಂಸ್ಕರಣೆಗೆ ಇದಕ್ಕಿಂತ ಹಳೆಯ ಶಿಫಾರಸು ಪತ್ರ ಬೇಕೆ? ಆದರೆ ಅದೇ ಸಾಲುಗಳಲ್ಲಿ ‘ಮೋಹನ’ ಎಂಬ ಪದವೂ ಇದೆ. ಹಳೆಯ ವೈದ್ಯ ಗುಣವನ್ನೂ ದೋಷವನ್ನೂ ಒಟ್ಟಿಗೇ ಬರೆದಿಟ್ಟಿದ್ದ. ಈಗ ಅಡಿಕೆಯ ಔಷಧೀಯ ಮಹತ್ವದ ಬಗ್ಗೆ ಭಾಷಣ ಮಾಡುವವರು ಗುಣದ ಪದಗಳನ್ನಷ್ಟೇ ಆಯ್ದುಕೊಳ್ಳುತ್ತಾರೆ.

ಮನೆಮದ್ದಿನಲ್ಲಿ ಅಡಿಕೆ ಬಳಕೆಯಾದದ್ದು ಮುಖ್ಯವಾಗಿ ಅದರ ಒಗರಿಗೆ. ಒಗರು ಎಂದರೆ ಟ್ಯಾನಿನ್. ಅದು ಹರಿಯುವುದನ್ನು ತಡೆಯುತ್ತದೆ, ಸಡಿಲವಾದದ್ದನ್ನು ಬಿಗಿ ಮಾಡುತ್ತದೆ. ಭೇದಿಗೆ ಚೊಗರು, ಒಸಡಿಗೆ ಸುಟ್ಟ ಅಡಿಕೆಯ ಪುಡಿ, ಹೆಂಗಸರ ಬಿಳಿಸೆರಗಿಗೆ ಮತ್ತು ಬಾಣಂತಿಯ ಸೊಂಟದ ಬಲಕ್ಕೆ ಪೂಗಖಂಡ. ಗುಜರಾತ್, ಮಹಾರಾಷ್ಟ್ರಗಳಲ್ಲಿ ಸುಪಾರಿ ಪಾಕ ಎಂದು ಕರೆಯುವುದು ಈ ಬಗೆಯ ಲೇಹ್ಯವನ್ನೇ. ಅಡಿಕೆಯ ಪುಡಿಯನ್ನು ಹಾಲು ತುಪ್ಪದಲ್ಲಿ ಬೇಯಿಸಿ, ಸಕ್ಕರೆ ಪಾಕ ಮತ್ತು ಹಲವು ಮೂಲಿಕೆಗಳ ಜೊತೆ ಕೂಡಿಸುತ್ತಾರೆ. ಅಡಿಕೆಯೇ ಇಲ್ಲದ ಮದ್ದಿನಲ್ಲೂ ಅದು ಅಳತೆಯಾಗಿ ಬಂದು ಕೂರುತ್ತದೆ: ಅಡಿಕೆ ಗಾತ್ರದ ಲೇಹ್ಯ, ಅಡಿಕೆಯಷ್ಟು ಬೆಣ್ಣೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಚಿತ್ತಾರದ ಮುಚ್ಚಳದ ಪಿಂಗಾಣಿ ಡಬ್ಬಿಗಳಲ್ಲಿ ‘ಅರೆಕ ನಟ್ ಟೂತ್ ಪೇಸ್ಟ್’ ಧಾರಾಳವಾಗಿ ಮಾರಾಟವಾಗುತ್ತಿತ್ತು. ಪೇಸ್ಟ್ ಕಾಣೆಯಾಗಿದೆ, ಮುಚ್ಚಳಗಳನ್ನು ಹಳೆಯ ವಸ್ತುಗಳ ಸಂಗ್ರಾಹಕರು ಇಂದಿಗೂ ಕೊಳ್ಳುತ್ತಾರೆ.

ಒಗರಿನ ಆಚೆಗೆ ಇನ್ನೊಂದು ಗುಣ ಇತ್ತು. ಅದು ಹುಳ ಕೊಲ್ಲುವ ಗುಣ. ಚೀನಾದ ವೈದ್ಯರು ಬಿನ್‌ಲಾಂಗ್ ಚೂರುಗಳನ್ನು ಕಷಾಯ ಮಾಡಿ ಲಾಡಿಹುಳಕ್ಕೆ ಕೊಡುತ್ತಾರೆ. ಜೊತೆಗೆ ಸಿಹಿಗುಂಬಳದ ಬೀಜ. ಇದರ ಗುಟ್ಟನ್ನು ಬಿಡಿಸಿದವನು ಜರ್ಮನಿಯ ರಸಾಯನಜ್ಞ ಇ. ಯಾನ್ಸ್. ಅವನು 1888ರಲ್ಲಿ ಅಡಿಕೆಯಿಂದ ಎಣ್ಣೆಯಂಥ ಒಂದು ಕ್ಷಾರಾಭವನ್ನು ಬೇರ್ಪಡಿಸಿ ಅರೆಕೋಲಿನ್ ಎಂದು ಕರೆದ. ಮುಂದೆ ಅರೆಕೈಡಿನ್, ಗುವಾಸಿನ್, ಗುವಾಕೊಲಿನ್ ಎಂಬ ಹೆಸರುಗಳು ಬಂದವು. ಈ ನಾಲ್ಕು ಹೆಸರುಗಳ ಮುಂದೆ ಸ್ವಲ್ಪ ನಿಲ್ಲಬೇಕು. ಮೊದಲೆರಡರಲ್ಲಿ ಮಲಬಾರಿನ ಅಡಕ್ಕ ಇದೆ, ಕೊನೆಯ ಎರಡರಲ್ಲಿ ಅಮರಕೋಶದ ಗುವಾಕ ಇದೆ. ಸಾವಿರ ವರ್ಷ ಬೇರೆ ಬೇರೆ ದಾರಿ ಹಿಡಿದ ದ್ರಾವಿಡ ಪದವೂ ಸಂಸ್ಕೃತ ಪದವೂ ಕೊನೆಗೆ ಭೇಟಿಯಾದದ್ದು ಜರ್ಮನಿಯ ಪ್ರಯೋಗಶಾಲೆಯ ಗಾಜಿನ ಬುಡ್ಡಿಯಲ್ಲಿ.

ಅರೆಕೋಲಿನ್ ನರಗಳ ಮೇಲೆ ಕೆಲಸ ಮಾಡುತ್ತದೆ. ಜೊಲ್ಲು, ಬೆವರು, ಕರುಳಿನ ಚಲನೆ ಹೆಚ್ಚುತ್ತವೆ. ಹುಳದ ಹಿಡಿತ ಸಡಿಲವಾಗುತ್ತದೆ. ಮನುಷ್ಯರಿಗಿಂತ ಹೆಚ್ಚಾಗಿ ಇದನ್ನು ನುಂಗಿದ್ದು ನಾಯಿಗಳು. ಕುರಿ ಸಾಕಣೆಯ ನ್ಯೂಜಿಲೆಂಡಿನಲ್ಲಿ ನಾಯಿಯ ಹೊಟ್ಟೆಯ ಒಂದು ಪುಟ್ಟ ಲಾಡಿಹುಳ ಕುರಿಗಳಿಗೂ ಜನರಿಗೂ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ತರಿಸುತ್ತಿತ್ತು. ಅದನ್ನು ತೊಲಗಿಸಲು ನಡೆದ ಆಂದೋಲನದಲ್ಲಿ ಊರೂರಿನ ನಾಯಿಗಳನ್ನು ಸಾಲಾಗಿ ಕಟ್ಟಿ, ಅರೆಕೋಲಿನ್ ಕುಡಿಸಿ, ಭೇದಿಯಾದದ್ದನ್ನು ಪರೀಕ್ಷಿಸುತ್ತಿದ್ದರು. ಮುಂದೆ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅಡಿಕೆಯ ಮದ್ದಿಗೆ ಆ ಕೆಲಸ ತಪ್ಪಿತು. ಗುವಾಸಿನ್ ಕಥೆ ಇನ್ನೂ ಮುಗಿದಿಲ್ಲ. ಮೆದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವನ್ನು ಜೀವಕೋಶಗಳು ಮತ್ತೆ ಹೀರಿಕೊಳ್ಳದಂತೆ ಅದು ತಡೆಯುತ್ತದೆ ಎಂದು 1970ರ ದಶಕದಲ್ಲಿ ತಿಳಿಯಿತು. ಅದರ ಹತ್ತಿರದ ಸಂಬಂಧಿಯಾದ ನಿಪೆಕೋಟಿಕ್ ಆಮ್ಲದಿಂದ ಟಿಯಾಗಬಿನ್ ಎಂಬ ಅಪಸ್ಮಾರದ ಔಷಧ ರೂಪುಗೊಂಡಿತು.

ಇನ್ನು ಕಹಿ ಅಧ್ಯಾಯ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ ಒಂದು ವಿಚಿತ್ರ ಬಾಯಿರೋಗವನ್ನು ಗುರುತಿಸಿದ. ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿ. ಮರುವರ್ಷ ಮುಂಬಯಿಯಿಂದಲೂ ಅದೇ ವರದಿ ಬಂತು. ಈಗ ಅದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅದಕ್ಕೆ ಮುಖ್ಯ ಕಾರಣ ಅಡಿಕೆ ಅಗಿಯುವುದು, ಅದು ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ತಪ್ಪೆಲ್ಲ ತಂಬಾಕಿನದು, ಅಡಿಕೆ ನಿರಪರಾಧಿ ಎಂಬ ವಾದವನ್ನು ಬೆಳೆಗಾರರ ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಬೆಲೆ ಕುಸಿದರೆ ಮನೆಯೇ ಕುಸಿಯುವವರ ಆತಂಕ ನನಗೆ ಅರ್ಥವಾಗುತ್ತದೆ. ಆ ವಾದಕ್ಕೆ ಒಂದು ಕಾಲದಲ್ಲಿ ಆಧಾರವೂ ಇತ್ತು: ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆ ಅಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತ್ತು, ತಂಬಾಕಿಲ್ಲದ್ದರ ಬಗ್ಗೆ ಸಾಕಷ್ಟು ಪುರಾವೆ ಇಲ್ಲ ಎಂದಿತ್ತು. 2004ರ ಪ್ರಕಟಣೆಯಲ್ಲಿ ಅದೇ ಸಂಸ್ಥೆ ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮೊದಲ ವರ್ಗದ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆಯಿಂದ ಬೇರ್ಪಡಿಸಿದ ಅರೆಕೋಲಿನ್ ಈಗ ಅದರ ಪಟ್ಟಿಯಲ್ಲಿ ‘ಕ್ಯಾನ್ಸರ್ ತರಬಹುದಾದದ್ದು’ ಎಂಬ ವರ್ಗದಲ್ಲಿದೆ. ಹಳ್ಳಿಯ ಪಂಡಿತ ಅಡಿಕೆಯನ್ನು ಮದ್ದಾಗಿ ಕೊಟ್ಟದ್ದು ಬೇಯಿಸಿ, ಅಳತೆ ಮಾಡಿ, ಇಷ್ಟು ದಿನ ಎಂದು ಲೆಕ್ಕ ಹಾಕಿ. ಪೊಟ್ಟಣ ಹರಿದು ದಿನಕ್ಕೆ ಹತ್ತು ಸಲ ಬಾಯಿಗೆ ಸುರಿದುಕೊಳ್ಳುವುದಕ್ಕೆ ಚರಕನ ಹೆಸರನ್ನೂ ಭಾವಮಿಶ್ರನ ಹೆಸರನ್ನೂ ಎಳೆದು ತರುವುದು ಅವರಿಬ್ಬರಿಗೂ ಮಾಡುವ ಅನ್ಯಾಯ.

ಎಲೆ ಅಡಿಕೆ ಕೊಟ್ಟು ಕರೆಯುವುದನ್ನು, ತಟ್ಟೆಯಲ್ಲಿಟ್ಟು ನಮಸ್ಕರಿಸುವುದನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಬಾಣಂತಿಗೆ ಸುಪಾರಿ ಪಾಕ ಕೊಡಬೇಕೆಂದಿರುವವರು ಮೊದಲು ವೈದ್ಯರನ್ನು ಕೇಳಿ. ದಿನವೂ ಅಡಿಕೆ ಅಗಿಯುವ ಅಭ್ಯಾಸವಿದ್ದು, ಖಾರ ತಾಗಿದರೆ ಬಾಯಿ ಉರಿಯುತ್ತಿದ್ದರೆ, ಬಾಯಿಯನ್ನು ಮೂರು ಬೆರಳಿನ ಅಗಲದಷ್ಟು ತೆರೆಯಲು ಆಗದಿದ್ದರೆ, ಅಡಿಕೆಯನ್ನು ಅಂದೇ ಬಿಟ್ಟು ದಂತವೈದ್ಯರಿಗೆ ತೋರಿಸಿ.